ಎಮ್ಮೆಗೆ ಹೊದಿಸಿದ ಶಾಲು

ಜಗತ್ತಿನ ಸಕಲ ಹಕ್ಕಿಗಳ ಭಾಷೆ ಬಲ್ಲವನು ಹೇಳುವ ಕಥೆ ಇದು. ಸುಳ್ಳು, ಸ್ವಾಮಿ, ಅವನಿಗೆ ಕೋಳಿಯ ಮಾತೂ ಪೂರ್ತಿ ತಿಳಿಯದು.

ಕೆರೆಯಂಗಳದಲ್ಲಿ ಬೋರಮ್ಮನೆಂಬ ಎಮ್ಮೆಯ ಬೆನ್ನೇರಿ ಗೊರವಂಕವೊಂದು ದಿನವೂ ಉಣ್ಣೆಹುಳ ಹೆಕ್ಕುತ್ತಿತ್ತು. ಮೂರು ವರ್ಷ ಇದನ್ನೇ ನೋಡಿ ಗ್ರಂಥ ಬರೆದ ಗೂಬೆ ಪಂಡಿತರು ಸಭೆ ಕರೆದು, 'ಪಕ್ಷಿ ಸಂರಕ್ಷಣೆಯ ಸಹಭಾಗಿ' ಎಂದು ಸಾರಿ, ಬೋರಮ್ಮನಿಗೆ ಜರಿಶಾಲು ಹೊದಿಸಿ ಕೊರಳಿಗೆ ಗಂಟು ಹಾಕಿದರು. ಹುಟ್ಟಿದಂದಿನಿಂದ ಬೈಗುಳವನ್ನಷ್ಟೇ ಕೇಳಿದ್ದ ಬೋರಮ್ಮನ ಕಣ್ಣು ತುಂಬಿತು.

ಮರುದಿನ ಗೊರವಂಕ ಬಂದು ಬೆನ್ನು ಕುಕ್ಕಿತು. "ಅಕ್ಕಾ, ಕೊಕ್ಕಿಗೆ ಬರೀ ಜರಿ ಸಿಗುತ್ತದೆ. ಗೂಡಲ್ಲಿ ಮೂರು ಮರಿ ಬಾಯಿ ತೆರೆದು ಕೂತಿವೆ. ಶಾಲು ಚೂರು ಸರಿಸು."

"ಸುಕ್ಕಾದೀತು ಕಣೇ! ಎರಡು ದಿನ ತಡಿ."

ಎರಡು ದಿನದಲ್ಲಿ ಶಾಲಿನಡಿ ಹುಳಗಳು ಸಂಸಾರ ಹೂಡಿದವು. ಮರದ ಮೇಲೆ ಮರಿಗಳ ಕೂಗು ಸಣ್ಣಗಾಯಿತು. ಅದನ್ನು ಕೇಳಲಾರದೆ ಬೋರಮ್ಮ ಪಂಡಿತರ ಬಳಿ ಓಡಿದಳು.

"ಇದನ್ನು ತೆಗೆಯಲೇ, ಸ್ವಾಮಿ?"

"ತೆಗೆದರೆ ನೀನು ಸಹಭಾಗಿಯೆಂದು ಜನ ಗುರುತಿಸುವುದು ಹೇಗೆ?"

ಬೋರಮ್ಮ ಜರಿಯಂಚನ್ನು ಇನ್ನೊಮ್ಮೆ ನೋಡಿಕೊಂಡಳು. ಆಮೇಲೆ ಕೆಸರಿಗಿಳಿದು, ಗಂಟು ಕಿತ್ತುಹೋಗುವಂತೆ ಹೊರಳಿ ಬರಿಮೈಯಲ್ಲಿ ಎದ್ದಳು.

'ಗೌರವದ ಬೆಲೆ ಎಮ್ಮೆಗೆ ತಿಳಿಯದು' ಎಂದು ಪಂಡಿತರು ಗ್ರಂಥದಲ್ಲಿ ಬರೆಯುವಷ್ಟರಲ್ಲಿ, ಗೊರವಂಕ ಅವಳ ಬೆನ್ನಿನಿಂದ ಕೊಕ್ಕು ತುಂಬ ಹೆಕ್ಕಿಕೊಂಡು ಗೂಡು ಸೇರಿತ್ತು.

ಕಥೆ ಹೇಳಿದವನಿಗೂ ಶಾಲು ಬೇಡ. ಚಹಾದ ದುಡ್ಡು ನೀವೇ ಕೊಟ್ಟುಬಿಡಿ.