ತವರಿನ ಬೊಟ್ಟು

ಒಂದಾನೊಂದು ಕಾಲದಲ್ಲಿ, ಕಾಲು ಆಡಿಸಬೇಡ, ಸುಮ್ಮನೆ ಮಲಕ್ಕೊಂಡು ಕೇಳು, ನಮ್ಮ ಕಡೆ ಇನ್ನೂ ಗಡಿಯಾರಾನೇ ಬಂದಿರದ ಕಾಲದಲ್ಲಿ, ಈರಾಚಾರಿ ಅಂತ ಒಬ್ಬ ಅಕ್ಕಸಾಲಿ ಇದ್ದನಂತೆ. ಎಣ್ಣೆ ದೀಪ ಹಚ್ಚಿಟ್ಟು, ಬಾಯಲ್ಲಿ ಊದುಗೊಳವೆ ಇಟ್ಟುಕೊಂಡು, ದೀಪದ ಉರಿಯನ್ನ ಸೂಜಿ ಹಂಗೆ ಮಾಡಿ ಚಿನ್ನದ ಮೇಲೆ ಬಿಡೋನಂತೆ. ಉಸಿರು ಒಂದೇ ಸಮ ಹೋಗಬೇಕು. ಜಾಸ್ತಿ ಆದ್ರೆ ಒಡವೆನೇ ಕರಗಿ ಗುಂಡಾಗುತ್ತೆ, ಕಮ್ಮಿ ಆದ್ರೆ ಬೆಸುಗೆ ಹಿಡಿಯಲ್ಲ. ಆ ಕೆಲಸದಲ್ಲಿ ಅವನನ್ನ ಮೀರಿಸೋರೇ ಇರಲಿಲ್ಲವಂತೆ.

ಅವನ ಹೆಂಡತಿ ಸಾಕಮ್ಮ. ಅವನು ಊದ್ತಾ ಇದ್ರೆ ಪಕ್ಕದಲ್ಲಿ ಕೂತು ಅಕ್ಕಿ ಆರಿಸೋಳಂತೆ, ಮಾತಿಲ್ಲ ಕತೆಯಿಲ್ಲ. ಒಂದು ವರ್ಷ ಜ್ವರ ಬಂದು ಮೂರೇ ದಿನಕ್ಕೆ ಹೋಗಿಬಿಟ್ಟಳಂತೆ ಪಾಪ. ಆಮೇಲೆ ಮಗಳು ಕಾಳಿಗೆ ಗಂಡು ಗೊತ್ತಾಯ್ತಂತೆ. ಅವರ ಮನೆತನದಲ್ಲಿ ಒಂದು ಪದ್ಧತಿ. ತಾಳಿಗೆ ಎರಡು ಬೊಟ್ಟು, ಒಂದು ಅತ್ತೆಮನೇದು, ಒಂದು ತವರಿಂದು. ತಾಯಿ ಇಲ್ಲದ ಹುಡುಗಿಗೆ ತವರಿನ ಬೊಟ್ಟನ್ನ ಆ ತಾಯಿಯ ತಾಳಿ ಕರಗಿಸಿ ಅಪ್ಪನೇ ಮಾಡಬೇಕು, ಬೇರೆ ಯಾರೂ ಮುಟ್ಟೋ ಹಂಗಿಲ್ಲ, ಅದಿಲ್ಲದೆ ಧಾರೆ ಎರೆಯೋ ಹಂಗೂ ಇಲ್ಲ.

ಸರಿ, ಈರಾಚಾರಿ ಬೊಟ್ಟು ಬಡಿದು, ಅದಕ್ಕೆ ಕೊಂಡಿ ಬೆಸೆಯೋಕೆ ಕೂತನಂತೆ. ಗೊಳವೆ ತುಟಿಗೆ ಇಟ್ಟ ತಕ್ಷಣ ಸಾಕಮ್ಮನ ನೆನಪು ಬಂತಂತೆ. ಎದೆಯಿಂದ ಒಂದು ನಿಟ್ಟುಸಿರು ಬಂದು, ಉರಿ ಭಗ್ಗನೆ ಎದ್ದು, ಬೊಟ್ಟು ಕರಗಿ ಗುಂಡಾಯ್ತಂತೆ. ಆಮೇಲೆ ಎರಡನೇ ಸಲ, ಈ ನೆನಪೇ ಬೇಡ ಅಂತ ಅವಳ ಸೀರೆ, ಕುಂಕುಮದ ಭರಣಿ ಎಲ್ಲಾ ಅಟ್ಟಕ್ಕೆ ಹಾಕಿ, ಹಲ್ಲು ಕಚ್ಚಿ ಊದಿದನಂತೆ. ಉಸಿರು ಬಿಕ್ಕಿ ಬಿಕ್ಕಿ ಬಂತು, ಅದೂ ಹೋಯ್ತು. ಮೂರನೇ ಸಲ, ಅವಳು ನೆನಪಾಗೋ ಮೊದಲೇ ಮುಗಿಸಿಬಿಡ್ತೀನಿ ಅಂತ ಬಿರಬಿರನೆ ಊದಿದನಂತೆ. ಮೂರ್ಖ, ನೆನಪಿಗಿಂತ ಜೋರಾಗಿ ಓಡೋರು ಉಂಟಾ? ಅದೂ ಕರಗಿತು. ಕರಗಿದಾಗೆಲ್ಲ ಚಿನ್ನ ಒಂದಿಷ್ಟು ಸವೀತಿತ್ತು. ಇನ್ನೊಂದು ಸಲ ಕೆಟ್ಟರೆ ಮೂಗುಬೊಟ್ಟಿಗೂ ಸಾಲದು. ಮದುವೆಗೆ ನಾಲ್ಕೇ ದಿನ.

ಆಗ ಅವನ ಮುದುಕಿ ತಾಯಿ ಬಂದು, ಯಾಕೋ ಈರ, ನಿನ್ನ ಕೈಗೆ ಏನಾಯ್ತೋ ಅಂದಳಂತೆ. ಅವನು ಚಿಕ್ಕ ಮಗು ಹಂಗೆ ಅತ್ತುಬಿಟ್ಟನಂತೆ. ಅವ್ವ, ಇದು ಮಗಳ ಕೊರಳಿಗೆ ಹೋದ್ರೆ ಸಾಕಮ್ಮನ ಕೊರಳಲ್ಲಿ ಇದ್ದದ್ದು ಅಂತ ಈ ಮನೇಲಿ ಏನು ಉಳಿಯುತ್ತೆ ಹೇಳು, ನನಗೆ ಅವಳು ಬೇಕು ಅಂದನಂತೆ.

ಮುದುಕಿ ಸಮಾಧಾನ ಮಾಡೋಕೆ ಹೋಗಲಿಲ್ಲವಂತೆ. ದೀಪ ಆರಿಸು, ಕೂತ್ಕೋ, ಹೊಟ್ಟೆ ಮೇಲೆ ಕೈ ಇಟ್ಕೋ. ಉಸಿರು ಒಳಗೆ ಬಂದ್ರೆ ಬಂತು ಅಂತ ನೋಡು, ಹೊರಗೆ ಹೋದ್ರೆ ಹೋಯ್ತು ಅಂತ ನೋಡು. ಸಾಕಮ್ಮ ಬಂದ್ರೆ ಬರಲಿ, ಕಟ್ಟಿಕೊಂಡ ಹೆಂಡತೀನ ನಾಯಿ ಅಟ್ಟಿದ ಹಂಗೆ ಅಟ್ಟುತಾರೇನೋ? ಬಾ ಕೂತ್ಕೋ ಅನ್ನು. ಆದ್ರೆ ನೀನು ಎದ್ದು ಅವಳ ಹಿಂದೆ ಹೋಗಬೇಡ, ಉಸಿರಿನ ಹತ್ರಾನೇ ಇರು ಅಂದಳಂತೆ.

ಆಮೇಲೆ ಮೊದಲನೇ ದಿನ ಕೂತ. ಸಾಕಮ್ಮ ನೆನಪಾಗಿದ್ದೇ ತಡ, ಮನಸ್ಸಲ್ಲೇ ಅವಳ ಹಿಂದೆ ಅವಳ ಊರಿನ ಬಾವಿಕಟ್ಟೆ ತನಕ ಹೊರಟುಹೋದನಂತೆ. ಮುದುಕಿ ಮೊಣಕಾಲು ತಟ್ಟಿ, ಎಲ್ಲಿಗೆ ಹೋದ್ಯೋ, ವಾಪಸ್ ಬಾ ಅಂದಳಂತೆ. ಬೈಯಲಿಲ್ಲ. ನೂರು ಸಲ ಹೋದ, ನೂರು ಸಲ ಕರೆದಳು. ಎರಡನೇ ದಿನ ಅರ್ಧ ದಾರಿಯಿಂದ ತಾನೇ ವಾಪಸ್ ಬಂದನಂತೆ. ಮೂರನೇ ದಿನ ಸಾಕಮ್ಮ ಬಂದಳು, ಇವನು ಇದ್ದಲ್ಲೇ ಇದ್ದ, ಉಸಿರು ಬಂತು, ಹೋಯ್ತು. ಸಂಕಟ ಇತ್ತಂತೆ, ಇರಲಿಲ್ಲ ಅಂತ ನಾನು ಸುಳ್ಳು ಹೇಳಲ್ಲ. ಆದ್ರೆ ಉಸಿರು ಬಿಕ್ಕಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಉಳಿದ ಚಿನ್ನಾನ ಮತ್ತೆ ಬೊಟ್ಟು ಬಡಿದು ದೀಪ ಹಚ್ಚಿದನಂತೆ. ಕೆನ್ನೆ ತುಂಬ ಗಾಳಿ ಇಟ್ಟುಕೊಂಡು, ಮೂಗಲ್ಲಿ ಮೆಲ್ಲಗೆ ಎಳಕೊಂಡು, ಗೊಳವೇಲಿ ಮೆಲ್ಲಗೆ ಬಿಟ್ಟುಕೊಂಡು ಊದಿದನಂತೆ. ಕಾಳಿ ಬಾಗಿಲಲ್ಲಿ ನಿಂತು ನೋಡ್ತಿದ್ದಳಂತೆ. ಅವಳಿಗೂ ಏನನ್ನಿಸಿತೋ, ಅಪ್ಪ, ಅವ್ವ ಬಂದಿದ್ದಾಳಾ ಅಂತ ಪಿಸುಗುಟ್ಟಿ ಕೇಳಿದಳಂತೆ. ಗೊಳವೆ ಬಾಯಲ್ಲಿದೆ, ಮಾತಾಡೋ ಹಂಗಿಲ್ಲ, ತಲೆ ಆಡಿಸೋ ಹಂಗೂ ಇಲ್ಲ. ಈರಾಚಾರಿ ಕಣ್ಣಲ್ಲೇ ಹೂಂ ಅಂದನಂತೆ. ಕಣ್ಣಿಂದ ನೀರು ಇಳಿದು ಗಡ್ಡದ ತನಕ ಬಂತು, ಉರಿ ಮಾತ್ರ ಅಲುಗಾಡಲಿಲ್ಲವಂತೆ. ಬೆಸುಗೆ ಹಿಡೀತು.

ಮಾರನೇ ದಿನ ಕಾಳಿ ಮದುವೆ ಆಗಿ, ಬೊಟ್ಟು ಕಟ್ಟಿಸಿಕೊಂಡು, ಅಪ್ಪನ್ನೂ ಅಜ್ಜೀನೂ ತಬ್ಬಿ ಅತ್ತು, ಗಂಡನ ಮನೆಗೆ ಹೋಗಿ ಚೆನ್ನಾಗಿ ಬಾಳಿದಳಂತೆ. ಈರಾಚಾರಿ ಮನೇಲಿ ಸಾಕಮ್ಮನ ಚಿನ್ನ ಒಂದು ಚೂರೂ ಉಳಿದಿರಲಿಲ್ಲವಂತೆ. ಆದ್ರೂ ಅವನು ಊದೋಕೆ ಕೂತಾಗೆಲ್ಲ ಒಂಚೂರು ಸರಿದು, ಇನ್ನೊಬ್ಬರಿಗೆ ಜಾಗ ಬಿಟ್ಟೇ ಕೂರೋನಂತೆ. ಅಲ್ಲಿಗೆ ಕತೆ ಮುಗೀತು ಕಂದ, ಕಣ್ಣು ಮುಚ್ಚು.