ಬದು ದಾಟದ ನೇಗಿಲು

ಸೈನ್ಯಕ್ಕೆ ಹೆಣ್ಣುಮಕ್ಕಳು ಬೇಕೆಂದು ಹೇಳಲು ಊರಿಗೆ ಒಬ್ಬರು ಸೇನಾ ಅಧಿಕಾರಿ ಬಂದರು. ನೀಲವ್ವನ ಮಗಳು ಕಸ್ತೂರಿ ಎಲ್ಲರಿಗಿಂತ ಮೊದಲು ಕೈಯೆತ್ತಿದಳು. ಕಟ್ಟೆಯ ಮೇಲೆ ಕೂತಿದ್ದ ಗೌಡರು ಮೀಸೆ ತಿರುವಿದರು.

“ಕೈ ಇಳಸವ್ವಾ! ಗಡಿ ಕಾಯೋದು ಹೆಂಗಸರ ಕೈಲಿ ಆಗೂ ಮಾತಲ್ಲ.”

ಹುಡುಗಿಯ ಕೈ ಕೆಳಗಿಳಿಯಿತು. ನೀಲವ್ವನಿಗೆ ಮೈಯೆಲ್ಲ ಉರಿಯಿತು. ಆದರೂ ಸೆರಗು ಸರಿಮಾಡಿಕೊಂಡು ಮೆತ್ತಗೆ ಕೇಳಿದಳು:

“ಗೌಡ್ರ, ನಮ್ಮ ಹೊಲಾ ನಿಮ್ಮ ಹೊಲದ ಮಗ್ಗಲಕ್ಕ ಐತಿ. ನನ್ನ ಗಂಡ ಇದ್ದಾಗ ನಿಮ್ಮ ನೇಗಿಲಾ ವರ್ಷಾ ವರ್ಷಾ ಬದು ದಾಟಿ ಒಳಗ ಬರ್ತಿತ್ತು. ನಾ ಕಾಯಾಕ ನಿಂತ ಮ್ಯಾಲ ಒಮ್ಮೆರ ದಾಟೇತೇನ್ರಿ?”

ಜನ ಗೊಳ್ಳೆಂದು ನಕ್ಕರು. ಅಧಿಕಾರಿಯೂ ನಗುತ್ತಲೇ ಕಸ್ತೂರಿಯ ಹೆಸರು ಬರೆದುಕೊಂಡರು.

ಗೌಡರು ಮೆಲ್ಲಗೆ ಅವರ ಕಿವಿಯ ಬಳಿ ಬಗ್ಗಿದರು. “ಸಾಹೇಬ್ರ, ಮಗಳು ಹೋಗ್ಲಿ. ಬಿತ್ತಿಗಿ ಸುರು ಆಗೂದ್ರೊಳಗ ಅವರವ್ವನ್ನೂ ಕರ್ಕೊಂಡು ಹೋಗ್ರಿ!”