ದೊರೆಯ ಮೂಗಿಗೆ ಟ್ರಿಗರ್ ಹುಡುಕಿದ ದ್ಯಾಮಕ್ಕ

ಒಂದಾನೊಂದು ಊರಿನಲ್ಲಿ, ಅದು ನಮ್ಮೂರೂ ಅಲ್ಲ, ನಿಮ್ಮೂರೂ ಅಲ್ಲ, ಎರಡೂ ಕಡೆಯವರು ತಮ್ಮದಲ್ಲ ಅಂದದ್ದಕ್ಕೆ ತನ್ನ ಪಾಡಿಗೆ ತಾನು ನಿಂತಿದ್ದ ಒಂದು ಊರಿನಲ್ಲಿ, ದ್ಯಾಮಕ್ಕ ಎಂಬ ಫೋಟೋ ತೆಗೆಯುವವಳು ಇದ್ದಳು. ಹತ್ತಿರ ಸರಿದು ಕೂತುಕೊಳ್ಳಿ. ಬೆಂಕಿ ಸಣ್ಣದಿದೆ, ಕತೆ ಅದಕ್ಕಿಂತ ಕೊಂಚ ದೊಡ್ಡದಿದೆ.

ದ್ಯಾಮಕ್ಕನ ಬಳಿ ಒಂದು ಕ್ಯಾಮೆರಾ ಇತ್ತು. ಕ್ಯಾಮೆರಾದ ತಲೆಯ ಮೇಲೆ ಒಂದು ಫ್ಲ್ಯಾಶ್ ಇತ್ತು. ಕ್ಯಾಮೆರಾ ಕಣ್ಣು ಮಿಟುಕಿಸಿದರೆ ಫ್ಲ್ಯಾಶ್ ಮಿಂಚುತ್ತಿತ್ತು. ಎರಡೂ ಮೈಗೆ ಮೈ ತಾಗಿಸಿಕೊಂಡೇ ಇದ್ದದ್ದರಿಂದ ಒಂದು ಮಿಟುಕಿದ್ದು ಇನ್ನೊಂದಕ್ಕೆ ಹೇಳದೆಯೇ ತಿಳಿಯುತ್ತಿತ್ತು. ಬೆಳಕು ನೇರ ಮುಖಕ್ಕೇ ಹೊಡೆಯುತ್ತಿತ್ತಲ್ಲ, ಹಾಗಾಗಿ ಆ ಫೋಟೋಗಳಲ್ಲಿ ಹಣೆ, ಮೂಗು, ಕೆನ್ನೆ, ಗಲ್ಲ ಎಲ್ಲ ಒಂದೇ ಮಟ್ಟ. ಊರಿನ ಜನರೆಲ್ಲ ತಟ್ಟಿದ ರೊಟ್ಟಿಯ ಹಾಗೆ ಕಾಣುತ್ತಿದ್ದರು. ಅದಕ್ಕೆ ಯಾರೂ ಬೇಸರ ಮಾಡಿಕೊಂಡಿರಲಿಲ್ಲ. ರೊಟ್ಟಿ ಯಾರಿಗೆ ಬೇಡ?

ಆ ಊರಿನ ದೊರೆ ಮುದ್ದುವೀರಪ್ಪನಾಯಕ ಒಳ್ಳೆಯವನು. ನ್ಯಾಯ ಬಿಟ್ಟು ನಡೆದವನಲ್ಲ, ಸುಳ್ಳು ಆಡಿದವನಲ್ಲ. ಒಂದು ಬೆಳಿಗ್ಗೆ ಅವನು ದ್ಯಾಮಕ್ಕನನ್ನು ಕರೆಸಿ ಫೋಟೋ ತೆಗೆಸಿಕೊಂಡ. ಫೋಟೋವನ್ನು ಬಹಳ ಹೊತ್ತು ನೋಡಿದ. ಆಮೇಲೆ ಮಂತ್ರಿ ತಮ್ಮಣ್ಣಯ್ಯನನ್ನು ಕರೆದ.

"ತಮ್ಮಣ್ಣಯ್ಯ, ಮರಕ್ಕೆ ನೆರಳಿದೆಯೆ?"

"ಇದೆ ಬುದ್ಧಿ."

"ಆನೆಗೆ?"

"ಇದೆ."

"ಸೊಳ್ಳೆಗೆ?"

"ಸಣ್ಣದು. ಆದರೂ ಇದೆ."

"ಅಂದರೆ ಇದ್ದದ್ದಕ್ಕೆಲ್ಲ ನೆರಳಿದೆ. ಈ ಫೋಟೋದಲ್ಲಿ ನನ್ನ ಮೂಗಿಗೆ ನೆರಳಿಲ್ಲ. ಅಂದಮೇಲೆ ನನಗೆ ಮೂಗಿಲ್ಲ."

ಮಂತ್ರಿ ದೊರೆಯ ಮೂಗನ್ನು ನೋಡಿದ. ಅದು ಇದ್ದ ಜಾಗದಲ್ಲೇ ಇತ್ತು, ದೊಡ್ಡದಾಗಿಯೇ ಇತ್ತು. ಆದರೆ ದೊರೆಯ ಮಾತಿನಲ್ಲಿ ತಪ್ಪು ಎಲ್ಲಿದೆ ಎಂದು ಅವನಿಗೆ ಹೊಳೆಯಲಿಲ್ಲ. "ಹೌದು ಬುದ್ಧಿ" ಅಂದುಬಿಟ್ಟ.

ಅಲ್ಲಿಂದ ಶುರುವಾಯಿತು. ಮೂಗಿಲ್ಲದ ದೊರೆಯ ಮುಂದೆ ಮೂಗು ತೋರಿಸಿಕೊಂಡು ನಿಲ್ಲುವುದು ಮರ್ಯಾದೆಯಲ್ಲ ಎಂದು ಮಂತ್ರಿ ತನ್ನ ಮೂಗಿಗೆ ಬಟ್ಟೆ ಕಟ್ಟಿಕೊಂಡ. ಮಂತ್ರಿ ಕಟ್ಟಿಕೊಂಡದ್ದಕ್ಕೆ ಸೇನಾಪತಿ ಕಟ್ಟಿಕೊಂಡ. ಸೇನಾಪತಿ ಕಟ್ಟಿಕೊಂಡದ್ದಕ್ಕೆ ಊರೇ ಕಟ್ಟಿಕೊಂಡಿತು. ಹೂವು ಮಾರುವವರು ಮಲ್ಲಿಗೆ ಬಿಟ್ಟು ಕಾಗದದ ಹೂ ಕಟ್ಟಿದರು, ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ಒಲೆಯ ಮೇಲೆ ಹಾಲು ಸೀದು ಕರಕಾದರೂ ಪಾತ್ರೆ ತೂತಾಗುವ ತನಕ ಯಾರೂ ಏಳಲಿಲ್ಲ. ಹೊಸದಾಗಿ ಹೆತ್ತ ತಾಯಂದಿರು ಕೂಸಿನ ನೆತ್ತಿ ಮೂಸಲಾಗದೆ, ಇದು ನಮ್ಮದೇ ಹೌದೋ ಅಲ್ಲವೋ ಎಂದು ಪಕ್ಕದ ಮನೆಯವರನ್ನು ಕೇಳಿದರು.

ದ್ಯಾಮಕ್ಕನ ಗಂಡ ಗಾದಿಲಿಂಗಪ್ಪ ನಶ್ಯ ಮಾರುತ್ತಿದ್ದವನು. ಮೂಗಿಲ್ಲದ ಊರಿನಲ್ಲಿ ನಶ್ಯ ಯಾರಿಗೆ ಬೇಕು? ಅವನು ಅಂಗಡಿ ಮುಚ್ಚಿ ಮನೆಯ ಜಗಲಿಯ ಮೇಲೆ ಕೂತ. ಮೊದಲೆಲ್ಲ ಬಾಯಿ ಮುಚ್ಚದೆ ಮಾತಾಡುತ್ತಿದ್ದವನು ಈಗ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದ.

"ಏನ್ರೀ, ಉಂಡ್ರಾ?"

"ಉಂಡೆ ಅಂತ ಕಾಣ್ತದೆ."

"ಏನು ಉಂಡ್ರಿ?"

"ಬಿಸಿ ಇತ್ತು. ಅಷ್ಟೇ ಗೊತ್ತು."

ಇತ್ತ ದೊರೆ ಊಟ ಬಿಟ್ಟ. ಮೂಗಿಲ್ಲದವನಿಗೆ ವಾಸನೆಯಿಲ್ಲ, ವಾಸನೆಯಿಲ್ಲದ ಮೇಲೆ ಸಾರೂ ನೀರೂ ಒಂದೇ, ನೀರು ಕುಡಿದು ಸಾರು ಉಂಡೆ ಅನ್ನುವುದು ಸುಳ್ಳು. ದೊರೆ ಸುಳ್ಳು ಆಡುವವನಲ್ಲ. ಹಾಗಾಗಿ ಸಾರನ್ನೂ ಮುಟ್ಟಲಿಲ್ಲ. ದಿನೇ ದಿನೇ ಸಣ್ಣಗಾದ. ಕಿರೀಟ ಜಾರಿ ಹುಬ್ಬಿನ ಮೇಲೆ ಕೂತಿತು.

ಮಂತ್ರಿ ದ್ಯಾಮಕ್ಕನ ಮನೆಗೆ ನಡೆದೇ ಬಂದ.

"ಮೂಗು ಕಳೆದದ್ದು ನಿನ್ನ ಪೆಟ್ಟಿಗೆಯಲ್ಲಿ, ದ್ಯಾಮಕ್ಕ. ಹುಡುಕಿಕೊಡಬೇಕಾದವಳೂ ನೀನೇ. ದೊರೆಗಳು ಇನ್ನು ಹೆಚ್ಚು ದಿನ ತಡೆಯಲಾರರು."

ಅವಳು ಏನೋ ಖಾರವಾಗಿ ಹೇಳಬೇಕೆಂದಿದ್ದಳು. ಬಟ್ಟೆಯ ಮೇಲೆ ಕಾಣುತ್ತಿದ್ದ ಅವನ ಕಣ್ಣುಗಳಲ್ಲಿ ನೀರು ನಿಂತಿತ್ತು. "ನೋಡ್ತೀನಿ ಸ್ವಾಮಿ" ಅಂದಳು.

ಅವಳು ಫ್ಲ್ಯಾಶನ್ನೇ ಕೇಳಿದಳು. ಫ್ಲ್ಯಾಶ್ ಹೇಳಿತು: "ನನ್ನನ್ನು ಈ ತಲೆಯಿಂದ ಇಳಿಸಿ, ದೊರೆಯ ಎಡಪಕ್ಕಕ್ಕೆ ದೂರದಲ್ಲಿ ಇಡು. ಪಕ್ಕದಿಂದ ಬೆಳಗಿದರೆ ಮೂಗಿನ ನೆರಳು ಆಚೆ ಕೆನ್ನೆಗೆ ಬೀಳುತ್ತದೆ."

"ಇಳಿದು ಹೋಗು, ಬೇಡ ಅಂದವರು ಯಾರು?" ಅಂದಿತು ಕ್ಯಾಮೆರಾ. "ಆದರೆ ನಾನು ಮಿಟುಕಿದ್ದು ಅಲ್ಲಿ ನಿನಗೆ ಹೇಗೆ ತಿಳಿಯಬೇಕು?"

"ಅಷ್ಟು ದೂರ ನಾನು ಯಾವತ್ತೂ ಹೋಗಿಲ್ಲ" ಅಂದಿತು ಫ್ಲ್ಯಾಶ್.

ದ್ಯಾಮಕ್ಕ ಮೊದಲು ಎರಡಕ್ಕೂ ನಡುವೆ ಒಂದು ವೈರು ಕಟ್ಟಿದಳು. ಅರಮನೆಯಲ್ಲಿ ಸೇನಾಪತಿ ಅದಕ್ಕೆ ಕಾಲು ಸಿಕ್ಕಿಸಿಕೊಂಡು ಬಿದ್ದ. ಸೇನಾಪತಿ ಮಾಡಿದ್ದನ್ನೇ ಮಾಡಬೇಕೆಂಬುದು ಸೇನೆಯ ನಿಯಮ, ಸೇನೆಯೆಲ್ಲ ಬಿತ್ತು. ಸೇನೆ ಬಿದ್ದ ಸದ್ದಿಗೆ ಪಕ್ಕದ ರಾಜ್ಯದವರು ತಾವೇ ಗೆದ್ದೆವೆಂದು ಹಬ್ಬ ಮಾಡಿದರು. ವೈರಿನ ಸಹವಾಸ ಬೇಡವೆಂದಾಯಿತು.

ಹೊನ್ನೂರಸಾಬನ ಅಂಗಡಿಯಲ್ಲಿ ರೇಡಿಯೋ ಟ್ರಿಗರುಗಳು ಸಿಗುತ್ತಿದ್ದವು. ಟ್ರಿಗರ್ ಅಂದರೆ ಜೋಡಿ. ಒಂದು ಕ್ಯಾಮೆರಾದ ತಲೆಯ ಮೇಲೆ ಕೂತು ಕೂಗುತ್ತದೆ. ಇನ್ನೊಂದು ಫ್ಲ್ಯಾಶಿನ ಕಾಲಡಿ ಕೂತು ಓಗೊಡುತ್ತದೆ. ಕೂಗು ಗಾಳಿಯಲ್ಲಿ ಹೋಗುತ್ತದೆ, ಮನುಷ್ಯರ ಕಿವಿಗೆ ಕೇಳುವುದಿಲ್ಲ.

"ಎಂಥದ್ದು ಕೊಡಲಿ ಅಕ್ಕಾ?" ಎಂದ ಹೊನ್ನೂರಸಾಬ.

"ಚುರುಕಾದ್ದು ಕೊಡಿ ಸಾಬರೆ."

ಅವಳ ಮಾತು ಮುಗಿಯುವ ಮೊದಲೇ ಮೇಲಿನ ಹಲಗೆಯಿಂದ ಒಂದು ಜೋಡಿ "ಬಂದೆ" ಅಂದಿತು. ಇದಕ್ಕಿಂತ ಚುರುಕು ಇನ್ನೆಲ್ಲಿದೆ ಎಂದು ದ್ಯಾಮಕ್ಕ ಅದನ್ನೇ ಒಯ್ದಳು.

ಆಸ್ಥಾನದಲ್ಲಿ ದೊರೆಯನ್ನು ಕೂರಿಸಿ, ಫ್ಲ್ಯಾಶನ್ನು ಅವನ ಎಡಪಕ್ಕಕ್ಕೆ ದೂರದಲ್ಲಿ ಇಟ್ಟರು. ಅವನಿಗೂ ಕಾಣಲೆಂದು ಎದುರಿಗೆ ಕನ್ನಡಿ ಹಿಡಿದರು. ಕ್ಯಾಮೆರಾ ಇನ್ನೂ ಮಿಟುಕಿರಲಿಲ್ಲ, ಕಾವಲುಗಾರ ಬೆರಳು ನೆಟಿಗೆ ಮುರಿದ. ಅದು ತನ್ನನ್ನೇ ಕರೆದದ್ದೆಂದು ಟ್ರಿಗರ್ "ಬಂದೆ" ಅಂದಿತು, ಫ್ಲ್ಯಾಶ್ ಮಿಂಚಿತು. ರಾಣಿಯ ಬಳೆ ಸದ್ದಾಯಿತು, ಮಿಂಚಿತು. ಮಂತ್ರಿ ಕೆಮ್ಮಿದ, ಮಿಂಚಿತು. ಮಿಂಚಿದಾಗಲೆಲ್ಲ ಕನ್ನಡಿಯಲ್ಲಿ ಮೂಗಿನ ನೆರಳು ಒಮ್ಮೆ ಕಾಣಿಸಿ ಮಾಯವಾಗುತ್ತಿತ್ತು.

"ಬಂತು" ಎಂದ ದೊರೆ. "ಹೋಯಿತು. ಬಂತು. ಹೋಯಿತು." ಆಮೇಲೆ ಯೋಚಿಸಿ ಹೇಳಿದ: "ಯಾರು ಕರೆದರೂ ಬರುವ ಮೂಗು ನನ್ನದು ಹೇಗಾದೀತು? ಇದು ಊರ ಮೂಗು. ಬೇಕಾದವರು ಬಂದು ಉಪಯೋಗಿಸಿಕೊಳ್ಳಲಿ."

ಮರುದಿನದಿಂದ ಅರಮನೆಯ ಮುಂದೆ ಸಾಲು ನಿಂತಿತು. ಒಬ್ಬರು ಸಾರಿನ ಪಾತ್ರೆ ತಂದರು, ಒಬ್ಬರು ಉಪ್ಪಿನಕಾಯಿಯ ಜಾಡಿ ತಂದರು. ಚಪ್ಪಾಳೆ ತಟ್ಟಿದರೆ ಫ್ಲ್ಯಾಶ್ ಮಿಂಚುತ್ತಿತ್ತು. ಮಿಂಚಿದಷ್ಟು ಹೊತ್ತು ದೊರೆಗೆ ಮೂಗು ಇರುತ್ತಿತ್ತು. ಅಷ್ಟರೊಳಗೆ ಅವನು ಮೂಸಿ ಹೇಳಬೇಕು.

"ಹಳಸಿದೆಯಾ ಬುದ್ಧಿ?"

"ಇನ್ನೂ ಇಲ್ಲ. ಸಂಜೆಯೊಳಗೆ ಉಂಡುಬಿಡಿ."

ಊರಿನವರ ಅಡುಗೆಯನ್ನೆಲ್ಲ ಮೂಸಿದ, ಒಂದು ತುತ್ತೂ ಉಣ್ಣಲಿಲ್ಲ. ಮೂಗು ಊರಿನದು, ಹಾಗಾಗಿ ವಾಸನೆಯೂ ಊರಿನದು, ಊರಿನ ಸ್ವತ್ತಿನಲ್ಲಿ ದೊರೆ ಪಾಲು ತೆಗೆದುಕೊಳ್ಳಬಾರದು.

ಒಬ್ಬ ಬಾಣಂತಿ ಎಳೆಗೂಸನ್ನು ತಂದು ಅವನ ಕೈಗೆ ಕೊಟ್ಟಳು. "ನನ್ನ ಸೆರಗು ಮೂಸಿ, ಇದರ ನೆತ್ತಿ ಮೂಸಿ ಹೇಳಿ, ಇದು ನನ್ನದೇನಾ?" ಅಂದಳು. ಚಪ್ಪಾಳೆಯಾಯಿತು, ಮಿಂಚಿತು. "ನಿನ್ನದೇ ತಾಯಿ" ಎಂದ ದೊರೆ. ಅವನ ದನಿ ಬಾವಿಯೊಳಗಿಂದ ಬಂದ ಹಾಗಿತ್ತು. ಮರಳಿ ಕೊಡಲು ಹೋದವನ ಕೈಯಿಂದ ಕೂಸು ಜಾರಿತು, ಮಂತ್ರಿ ಹಿಡಿದುಕೊಂಡ. ಮೂಲೆಯಲ್ಲಿ ನಿಂತಿದ್ದ ದ್ಯಾಮಕ್ಕ ಅದನ್ನು ನೋಡಿದಳು. ಯಾರನ್ನೂ ಕೇಳದೆ ಕ್ಯಾಮೆರಾವನ್ನೂ ಫ್ಲ್ಯಾಶನ್ನೂ ಎತ್ತಿ ಕಂಕುಳಲ್ಲಿಟ್ಟುಕೊಂಡು ಹೊನ್ನೂರಸಾಬನ ಅಂಗಡಿಗೆ ಹೊರಟಳು.

"ಏನು ಸಾಬರೆ, ಎಂಥದ್ದು ಕೊಟ್ಟಿರಿ? ಯಾರು ಕರೆದರೂ ಹೋಗ್ತದಲ್ಲ ಇದು."

"ನೀವು ಚುರುಕಾದ್ದು ಕೇಳಿದಿರಿ, ಅಕ್ಕಾ. ಚುರುಕು ಅಂದರೆ ಅದೇ ಅಲ್ಲವಾ?"

ಹೊನ್ನೂರಸಾಬ ಒಂದು ಸ್ಟೂಲು ಎಳೆದು ಹಾಕಿದ, ಚಹಾ ತರಿಸಿದ. "ಈ ಸಲ ಕೂತು ಯೋಚನೆ ಮಾಡಿ ಕೇಳಿ. ನನಗೇನೂ ಅವಸರವಿಲ್ಲ" ಎಂದ.

ದ್ಯಾಮಕ್ಕ ಚಹಾ ಹಿಡಿದುಕೊಂಡು ಯೋಚಿಸಿದಳು. ಕ್ಯಾಮೆರಾವೂ ಫ್ಲ್ಯಾಶೂ ಇಷ್ಟು ವರ್ಷ ಜೊತೆಗೆ ಬಾಳಿದವಲ್ಲ, ಅವುಗಳ ನಡುವೆ ಇದ್ದದ್ದಾದರೂ ಏನು? ಚುರುಕೂ ಅಲ್ಲ, ಜಾಣತನವೂ ಅಲ್ಲ. ಬರೀ ತಾಗಿಕೊಂಡಿದ್ದವು. ಅಷ್ಟು ದೂರ ಹೋದ ಮೇಲೂ ತಾಗಿಕೊಂಡೇ ಇರುವಂಥದ್ದು ಯಾವುದಾದರೂ ಇದೆಯೇ?

ಗಾಜಿನ ಬೀರುವಿನೊಳಗಿಂದ ಒಂದು ಟ್ರಿಗರ್ ಗಂಟಲು ಸರಿಮಾಡಿಕೊಂಡಿತು. ಅದು ಬಹಳ ಓದಿದ್ದು. "ನನ್ನನ್ನು ಒಯ್ಯಿರಿ. ಎಷ್ಟು ಬೆಳಕು ಬೇಕೆಂದು ನೀವು ಹೇಳಬೇಕಾಗಿಲ್ಲ, ನಾನೇ ನೋಡಿ ತೀರ್ಮಾನಿಸುತ್ತೇನೆ."

"ದೊರೆಯ ಮೂಗಿಗೆ ಎಷ್ಟು ಕೊಡ್ತೀಯಪ್ಪ?"

"ಮೂಗಿಗೆ ಕೊಡುವುದಿಲ್ಲ. ತಮಗೆ ಮೂಗಿಲ್ಲವೆಂದು ದೊರೆಗಳೇ ಹೇಳಿದ್ದಾರೆ. ಇಲ್ಲದ ಜಾಗಕ್ಕೆ ಬೆಳಕು ದಂಡ. ಅದನ್ನು ಕಿವಿಗಳಿಗೆ ಹಂಚುತ್ತೇನೆ."

ದ್ಯಾಮಕ್ಕ ಬೀರುವಿನ ಬಾಗಿಲು ಮೆಲ್ಲಗೆ ಮುಚ್ಚಿದಳು. ಕೆಳಗಿನ ಹಲಗೆಯಲ್ಲಿ ಧೂಳು ಹಿಡಿದ ಒಂದು ಜೋಡಿ ಇತ್ತು.

"ಇದು?"

"ಅದು ಮಾತಾಡೋದಿಲ್ಲ ಅಕ್ಕಾ. ಅದಕ್ಕೇ ಯಾರೂ ಒಯ್ದಿಲ್ಲ. ಹೊಟ್ಟೆಯ ಮೇಲೆ ಚಕ್ರ ಇದೆ ನೋಡಿ, ಚಾನೆಲ್ಲಿನದು. ಎರಡಕ್ಕೂ ಒಂದೇ ಅಂಕಿ ತಿರುಗಿಸಿ ಇಟ್ಟರೆ ಅವಕ್ಕೆ ಒಂದರದ್ದು ಇನ್ನೊಂದಕ್ಕೆ ಮಾತ್ರ ಕೇಳ್ತದೆ. ಬೇರೆಯವರು ಕೂಗಿದ್ದು ಗಾಳಿ ಬೀಸಿದ ಹಾಗೆ."

ಅವಳು ಎರಡರ ಚಕ್ರವನ್ನೂ ಏಳಕ್ಕೆ ತಿರುಗಿಸಿದಳು. ಒಂದನ್ನು ಫ್ಲ್ಯಾಶಿನ ಕಾಲಡಿ ಕೂರಿಸಿ ಅಂಗಡಿಯ ಹೊರಗಿಟ್ಟಳು. ಹೊನ್ನೂರಸಾಬ ಚಪ್ಪಾಳೆ ತಟ್ಟಿದ. ಅದು ಸುಮ್ಮನಿತ್ತು. ಸುದ್ದಿ ಕೇಳಿ ಬಂದ ಮಂತ್ರಿ ದೊರೆಯ ಆಣೆಯಿಟ್ಟು ಮಿಂಚೆಂದು ಹೇಳಿದ. ಸುಮ್ಮನಿತ್ತು. ಹಳೆಯ ಚುರುಕಿನ ಜೋಡಿ ಇದರ ಪರವಾಗಿ ತಾನೇ "ಬಂದೆ, ಬಂದೆ" ಅಂದಿತು. ಆಗಲೂ ಸುಮ್ಮನಿತ್ತು. ದ್ಯಾಮಕ್ಕ ಒಳಗಿನಿಂದ ಕ್ಯಾಮೆರಾ ಮಿಟುಕಿಸಿದಳು. ಮಿಂಚಿತು.

ಗೋಡೆಯ ಹಿಂದೆ ಇಟ್ಟು ನೋಡಿದಳು, ಮಿಂಚಿತು. ಜೋಳ ತುಂಬಿದ ಕಣಜದೊಳಗೆ ಇಟ್ಟು ನೋಡಿದಳು, ಕಣಜದ ಸಂದಿಯಲ್ಲೆಲ್ಲ ಬೆಳಕು ಚಿಮ್ಮಿತು. ಕೆರೆಯ ಆಚೆ ದಡದಲ್ಲಿಟ್ಟು ಈಚೆ ಬಂದು ನಿಂತಳು. ಆ ಸಲ ಬಹಳ ಹೊತ್ತು ಮಿಟುಕಿಸಲೇ ಇಲ್ಲ. ಅವಳು ಸುಮ್ಮನಿದ್ದಳು, ಆಚೆ ದಡದಲ್ಲಿ ಅದೂ ಸುಮ್ಮನಿತ್ತು. ಆ ಸುಮ್ಮನಿರುವಿಕೆಯೇ ಅವಳಿಗೆ ಸಮಾಧಾನ ಕೊಟ್ಟಿತು. ಮಿಟುಕಿಸಿದಳು. ಕೆರೆಯ ನೀರೆಲ್ಲ ಒಮ್ಮೆ ಬೆಳ್ಳಗಾಯಿತು.

ದೊರೆಯನ್ನು ಇಬ್ಬರು ಹಿಡಿದುಕೊಂಡು ಬಂದು ಕೂರಿಸಿದರು. ದ್ಯಾಮಕ್ಕ ಫ್ಲ್ಯಾಶನ್ನು ಎಡಗಡೆಯ ಕಂಬದ ಮರೆಯಲ್ಲಿಟ್ಟಳು.

"ದ್ಯಾಮಕ್ಕ, ಬರುವುದಾದರೆ ಉಳಿಯಲಿಕ್ಕೆ ಬರಲಿ" ಎಂದ ದೊರೆ. "ಮತ್ತೆ ಹೋಗುವ ಮೂಗು ನನಗೆ ಬೇಡ."

ಯಾರೋ ಕೆಮ್ಮಿದರು. ಯಾರದೋ ಬಳೆ ಸದ್ದಾಯಿತು. ಕಂಬದ ಮರೆಯಲ್ಲಿ ಏನೂ ಆಗಲಿಲ್ಲ. ಕ್ಯಾಮೆರಾ ಒಮ್ಮೆ ಮಿಟುಕಿತು, ಫ್ಲ್ಯಾಶ್ ಒಮ್ಮೆ ಮಿಂಚಿತು.

ಫೋಟೋ ಬಂತು. ಮೂಗು ಬೆಟ್ಟದ ಹಾಗೆ ನಿಂತಿತ್ತು. ಅದರ ನೆರಳು ಬಲಗೆನ್ನೆಯ ಮೇಲೆ ಉದ್ದಕ್ಕೆ ಮಲಗಿತ್ತು.

"ಇದೆ" ಎಂದ ದೊರೆ. ಆಸ್ಥಾನದವರೆಲ್ಲ ಉಸಿರು ಬಿಟ್ಟರು. ದೊರೆ ಫೋಟೋವನ್ನು ಇನ್ನಷ್ಟು ಹತ್ತಿರ ಹಿಡಿದ. "ಆದರೆ ಬಲಗೆನ್ನೆ ಕಾಣುತ್ತಿಲ್ಲ. ಪೂರಾ ಕತ್ತಲೆ."

ಸೇನಾಪತಿ ಆಗಲೇ ತನ್ನ ಬಲಗೆನ್ನೆಗೆ ಕಟ್ಟಿಕೊಳ್ಳಲು ಒಂದು ವಸ್ತ್ರ ಬಿಚ್ಚತೊಡಗಿದ್ದ. ದ್ಯಾಮಕ್ಕ ದೊರೆಯ ಬಲಗಡೆಗೆ ನೋಡಿದಳು. ಆ ಕಡೆಗೆ ಇನ್ನೊಂದು ಫ್ಲ್ಯಾಶ್ ಇಡಬಹುದು. ಇಟ್ಟರೆ ಮೂಗಿನ ನೆರಳು ಅಳಿಸಿಹೋಗುತ್ತದೆ.

ದೊರೆಯ ಕೈ ಮೆಲ್ಲಗೆ ಮೇಲೆದ್ದು ಬಲಗೆನ್ನೆಯ ಮೇಲೆ ಕೂತಿತು. ಬಹಳ ದಿನಗಳಿಂದ ಕ್ಷೌರವಿಲ್ಲದ ಕೆನ್ನೆ, ಅಂಗೈಗೆ ಚುಚ್ಚಿತು.

"ತಮ್ಮಣ್ಣಯ್ಯ" ಎಂದ. "ಕೆನ್ನೆ ಕಾಣುತ್ತಿಲ್ಲ. ಆದರೆ ಇದೆ."

"ಅದು ಹೇಗೆ ಬುದ್ಧಿ?"

"ಹೇಗೋ ತಿಳಿಯದು. ಚುಚ್ಚುತ್ತಿದೆ."

ಕೆನ್ನೆಯ ಮೇಲಿದ್ದ ಕೈ ಹಾಗೇ ಜಾರಿ ಮೂಗಿಗೆ ತಾಗಿತು. ದೊರೆ ಅದನ್ನು ಹಿಡಿದುಕೊಂಡ. ಕಳೆದುಹೋದ ಕರುವಿನ ಕಿವಿ ಹಿಡಿದ ಹಾಗೆ ಹಿಡಿದುಕೊಂಡ. ಹಿಡಿದ ಮೂಗಿನಿಂದಲೇ ಕೇಳಿದ: "ಮುಟ್ಟಿ ನೋಡಿಕೊಳ್ಳಿ ಅಂತ ನನಗೆ ಯಾಕೆ ಯಾರೂ ಹೇಳಲಿಲ್ಲ?"

"ಇಲ್ಲದ್ದನ್ನು ಮುಟ್ಟಿ ನೋಡಿ ಅಂತ ಹೇಗೆ ಹೇಳೋದು ಬುದ್ಧಿ?" ಅಂದಳು ದ್ಯಾಮಕ್ಕ.

ಅದು ನ್ಯಾಯವಾದ ಮಾತು, ದೊರೆ ಒಪ್ಪಿದ. ಆಮೇಲೆ ಹುರುಳಿ ಸಾರು ತರಿಸಿದ. ಉಣ್ಣುವ ಮೊದಲು ತಟ್ಟೆಯ ಮೇಲೆ ಬಗ್ಗಿ ಸುಮ್ಮನೆ ಉಸಿರೆಳೆದುಕೊಂಡು ಕೂತ. ಸಾರು ಆರಿತು. ಯಾರೂ ಅವಸರ ಮಾಡಲಿಲ್ಲ. ಮಂತ್ರಿ ತನ್ನ ಮೂಗಿನ ಬಟ್ಟೆ ಬಿಚ್ಚಿ ಜೇಬಿಗೆ ಹಾಕಿಕೊಂಡ. ಹೊತ್ತು ಮುಳುಗುವುದರೊಳಗೆ ಊರೆಲ್ಲ ಬಿಚ್ಚಿತು.

ಮನೆಗೆ ಹೋಗುವ ದಾರಿಯಲ್ಲಿ ಗಾದಿಲಿಂಗಪ್ಪ ಕ್ಯಾಮೆರಾದ ಚೀಲ ಹೊತ್ತುಕೊಂಡು ಹೆಂಡತಿಯ ಪಕ್ಕ ನಡೆದ. ಎಷ್ಟೋ ದಿನದ ಮೇಲೆ ತಾನಾಗಿ ಬಾಯಿ ಬಿಟ್ಟ.

"ಅಲ್ಲವೇ, ಆ ಟ್ರಿಗರ್ ಮಾತೇ ಆಡೋದಿಲ್ಲ. ಆ ಹೊತ್ತಿಗೆ ಓಗೊಡದೆ ಇದ್ದಿದ್ದರೆ ಏನು ಮಾಡ್ತಿದ್ದೆ?"

ದ್ಯಾಮಕ್ಕ ಸ್ವಲ್ಪ ದೂರ ನಡೆದು ಹೇಳಿದಳು: "ಇನ್ನೊಂದು ಸಲ ಕರೀತಿದ್ದೆ."

ಇಷ್ಟೇ ಕತೆ. ಇದರ ನೀತಿ ಏನೆಂದರೆ, ಫೋಟೋದಲ್ಲಿ ಮೂಗು ಕಾಣದಿದ್ದರೆ ಮೊದಲು ಕೆನ್ನೆ ಮುಟ್ಟಿಕೊಳ್ಳಿ, ಮೂಗು ಅಲ್ಲೇ ಅಕ್ಕಪಕ್ಕದಲ್ಲಿ ಸಿಗುತ್ತದೆ. ಸಿಗದಿದ್ದರೆ ಗಾಬರಿಯಾಗಬೇಡಿ. ಪಕ್ಕದಲ್ಲಿ ಕೂತವರನ್ನು ಕೇಳಿ, ಅವರು ಹಿಡಿದುಕೊಂಡಿರಬಹುದು.